ಊಟಿಗೆ ನಮಗಿಂತ ಮೊದಲು ಹೋದ ತೊಲೆಗಳು

ಒಂದು ದಿನದ ಊಟಿ ಟ್ರಿಪ್ ಅಂದ ತಕ್ಷಣ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೊಬ್ಬರು ಪಟ್ಟಿ ಹಾಕಿಯೇ ಹಾಕುತ್ತಾರೆ. ಬೊಟಾನಿಕಲ್ ಗಾರ್ಡನ್, ಲೇಕಿನಲ್ಲಿ ಬೋಟಿಂಗ್, ದೊಡ್ಡಬೆಟ್ಟ, ಟಾಯ್ ಟ್ರೇನು, ಬರುವಾಗ ಚಾಕೊಲೇಟು ಮತ್ತು ವರ್ಕಿ. ನಮ್ಮ ಅಪ್ಪ ಅಮ್ಮ ಮದುವೆಯಾದ ಹೊಸತರಲ್ಲಿ ಹೋದಾಗಲೂ ಪಟ್ಟಿ ಹೆಚ್ಚು ಕಡಿಮೆ ಇದೇ ಇತ್ತು, ಚಾಕೊಲೇಟಿನ ಬದಲು ನೀಲಗಿರಿ ಎಣ್ಣೆ ಇತ್ತು ಅಷ್ಟೆ. ಪಟ್ಟಿಯಲ್ಲಿರುವ ಕೆರೆ 1820ರ ದಶಕದ್ದು, ತೋಟ 1848ರದ್ದು, ಊಟಿಗೆ ರೈಲು ಬಂದದ್ದು 1908ರಲ್ಲಿ. ಬಯಲುಸೀಮೆಯ ಬಿಸಿಲು ತಡೆಯಲಾರದ ಮದರಾಸಿನ ಸಾಹೇಬರು ತಮಗೋಸ್ಕರ ಮಾಡಿಕೊಂಡ ಪ್ಲಾನು ಅದು. ನಾವು ಅದಕ್ಕೇ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿಕೊಂಡು ಓಡಾಡುತ್ತಿದ್ದೇವೆ.

ಹಾಗಂತ ಊಟಿಗೆ ಹೋಗಬೇಡಿ ಅನ್ನುವ ಜಾತಿಯವನಲ್ಲ ನಾನು. ಹೋಗಿ. ಆದರೆ ಮೈಸೂರಿನ ಕಡೆಯಿಂದ ಹೋಗುವವರಿಗೆ ಇನ್ನೊಂದು ಊಟಿ ಇದೆ. ಅದರ ಕಥೆ ಅರ್ಧ ನಮ್ಮ ಕಡೆಯದೇ, ಮತ್ತು ಅದನ್ನು ನೋಡುವುದಕ್ಕೆ ಹೆಚ್ಚು ಟಿಕೆಟ್ಟೂ ಬೇಕಾಗಿಲ್ಲ. ನನ್ನ ಪ್ಲಾನು ಆ ಊಟಿಯದ್ದು.

ಮೊದಲು ಲೆಕ್ಕ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುತ್ತೇನೆ ಅನ್ನುವವರಿಗೆ ಇಲ್ಲಿಂದಲೇ ಒಂದು ನಮಸ್ಕಾರ. ಹೋಗೋಕೆ ಸುಮಾರು 270 ಕಿಲೋಮೀಟರು, ಬರೋಕೆ ಅಷ್ಟೇ, ನಡುವೆ ಎರಡು ಹುಲಿ ಕಾಡು, ಒಂದು ಘಾಟಿ. ಅದು ಟ್ರಿಪ್ ಅಲ್ಲ, ಡ್ರೈವರ್ ಕೆಲಸ. ಶುಕ್ರವಾರ ಅರ್ಧ ದಿನ ರಜೆ ಹಾಕಿ ಮೈಸೂರಿಗೆ ಬಂದು ಮಲಗಿ, ಶನಿವಾರ ಬೆಳಗಿನ ಜಾವ ಹೊರಡಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ, ಅತ್ತ ಮುದುಮಲೈನಲ್ಲೂ ಅದೇ ಕಥೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶವದು. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದ್ದರಿಂದ ನಮ್ಮ ದಿನ ಅಂದರೆ ಗೇಟಿನಿಂದ ಗೇಟಿಗೆ ಹದಿನೈದು ಗಂಟೆ. ಅದರ ಜೊತೆಗೆ 2024ರ ಮೇ ತಿಂಗಳಿನಿಂದ ನೀಲಗಿರಿ ಜಿಲ್ಲೆಗೆ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟಿನ ಆದೇಶ. 2025ರ ಬೇಸಿಗೆಯಲ್ಲಿ ದಿನಕ್ಕೆ 6,000 ವಾಹನ, ವಾರಾಂತ್ಯಕ್ಕೆ 8,000 ಅಂತ ಮಿತಿಯನ್ನೂ ಹಾಕಿದರು. ಹೊರಡುವ ಮುಂಚೆ ಅವತ್ತಿನ ನಿಯಮ ನೋಡಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಮನೆಯಲ್ಲೇ ಬಿಟ್ಟು ಸ್ಟೀಲಿನದು ತನ್ನಿ, ಚೆಕ್‌ಪೋಸ್ಟಿನಲ್ಲಿ ತೆಗೆಸುತ್ತಾರೆ.

ಶುಕ್ರವಾರ ಅರ್ಧ ದಿನ ರಜೆ ಯಾಕೆ ಹಾಕಿಸಿದೆ ಅಂದರೆ, ಮೈಸೂರು ಮುಟ್ಟುವ ಮೊದಲು ಶ್ರೀರಂಗಪಟ್ಟಣದಲ್ಲಿ ಬೆಳಕಿರುವಾಗಲೇ ಇಳಿಯಬೇಕು. ಹೊಸ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತದೆ, ಸುಮ್ಮನೆ ಕೂತರೆ ಊರು ಬಂದದ್ದೂ ಗೊತ್ತಾಗುವುದಿಲ್ಲ. ಕೆಳಗಿಳಿದು ಕೋಟೆಯೊಳಗೆ ಹೋಗಿ. ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರವೇ ಟಿಪ್ಪುವಿನ ಲಾಲ್ ಮಹಲ್ ಇದ್ದ ಜಾಗವಿದೆ. ಅವನು ವಾಸವಿದ್ದ ಅರಮನೆ. ಎಲ್ಲರೂ ದರಿಯಾ ದೌಲತ್ ನೋಡುತ್ತಾರೆ, ಅದು ಬೇಸಿಗೆ ಅರಮನೆ, ಬಣ್ಣದ ಚಿತ್ರಗಳ ಸಮೇತ ಉಳಿದುಕೊಂಡಿದೆ. ಲಾಲ್ ಮಹಲ್‌ನಲ್ಲಿ ನೋಡುವುದಕ್ಕೆ ತಳಪಾಯ ಬಿಟ್ಟರೆ ಇನ್ನೇನೂ ಇಲ್ಲ. ಹುಲ್ಲು, ಕಲ್ಲು, ಒಂದು ಬೋರ್ಡು. ಐದು ನಿಮಿಷಕ್ಕೆ ಮುಗಿದುಹೋಗುತ್ತದೆ.

ಆ ಐದು ನಿಮಿಷ ಮುಖ್ಯ. ಯಾಕೆಂದರೆ ಈ ಅರಮನೆಯ ಮರ ಊಟಿಯಲ್ಲಿದೆ. 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಬಿತ್ತು. ಕೊಯಮತ್ತೂರು ಸೀಮೆಯ ಜೊತೆಗೆ ನೀಲಗಿರಿಯೂ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಮೂವತ್ತು ವರ್ಷ ಕಳೆದ ಮೇಲೆ ಊಟಿಯಲ್ಲಿ ಚರ್ಚು ಕಟ್ಟಬೇಕಾದಾಗ, ಅಷ್ಟು ದೊಡ್ಡ ತೊಲೆಗಳಿಗಾಗಿ ಅವರು ಕೈ ಹಾಕಿದ್ದು ಲಾಲ್ ಮಹಲಿಗೆ. ಅಂದರೆ ಮೈಸೂರಿನಿಂದ ಊಟಿಗೆ ನಮಗಿಂತ ಮೊದಲು ಹೋದದ್ದು ಒಂದು ಅರಮನೆಯ ಛಾವಣಿ. ಉಳಿದದ್ದನ್ನು ಊಟಿಯಲ್ಲೇ ಹೇಳುತ್ತೇನೆ.

ಶನಿವಾರ ಐದು ಗಂಟೆಯೊಳಗೆ ಮೈಸೂರು ಬಿಟ್ಟರೆ ಗುಂಡ್ಲುಪೇಟೆಯ ಹೊತ್ತಿಗೆ ಬೆಳಕು ಹರಿಯುತ್ತದೆ. ಇಲ್ಲಿಂದ ಎಡಕ್ಕೆ ಒಂದು ದಾರಿ ಚಾಮರಾಜನಗರಕ್ಕೆ ಹೋಗುತ್ತದೆ. ನಾವು ಆ ಕಡೆ ತಿರುಗುವುದಿಲ್ಲ, ಟೈಮಿಲ್ಲ, ಆದರೆ ಅಲ್ಲಿರುವ ಪಾರ್ಶ್ವನಾಥ ಬಸದಿಯ ವಿಷಯ ಕಾರಿನಲ್ಲಿ ಹೇಳಿಕೊಂಡು ಹೋಗಬಹುದು. 1117ರ ಸುಮಾರಿಗೆ ಅದನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ಅಲ್ಲಿನ ಶಾಸನ ಅವನ ಪರಾಕ್ರಮ ಹೊಗಳುತ್ತಾ, ಅವನು ತೊದವರನ್ನು ಹೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡ ಅನ್ನುತ್ತದೆ. ತೊದವರು ಅಂದರೆ ಊಟಿಯ ತೋಡರು. ಬರವಣಿಗೆಯಲ್ಲಿ ಅವರ ಹೆಸರು ಮೊದಲ ಸಲ ಕಾಣಿಸಿಕೊಳ್ಳುವುದು ಈ ಕನ್ನಡ ಶಾಸನದಲ್ಲಿ, ಅದೂ ಹೆದರಿದವರಾಗಿ. ಬೆಟ್ಟದ ಮೇಲಿನ ಎಮ್ಮೆ ಸಾಕುವ ಜನ ಒಂದು ದೊಡ್ಡ ಸೈನ್ಯಕ್ಕೆ ಏನು ಮಾಡಿದ್ದರೋ! ಬ್ರಿಟಿಷರನ್ನು ಬೈಯುವ ಉತ್ಸಾಹದಲ್ಲಿ ನಾವು ಈ ಸಾಲನ್ನು ಮರೆಯಬಾರದು ಅನ್ನಿಸುತ್ತದೆ ನನಗೆ. ಬೆಟ್ಟ ಹತ್ತಿ ಹೋಗಿ ನಮ್ಮದು ಅಂದವರಲ್ಲಿ ಅವರು ಮೊದಲಿಗರಲ್ಲ.

ಶಾಸನದಿಂದ ಇನ್ನೂ ಒಂದು ಚಿಕ್ಕ ಲಾಭವಿದೆ. ನೀಲಗಿರಿಗೆ ಆ ಹೆಸರು ಬಂದದ್ದು ನೀಲಗಿರಿ ಮರದಿಂದ ಅಂತ ಕಾರಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಅದು ಉಲ್ಟಾ. ಬೆಟ್ಟ 1117ರಲ್ಲೇ ನೀಲಿಯಾಗಿತ್ತು. ಯೂಕಲಿಪ್ಟಸ್ ಆಸ್ಟ್ರೇಲಿಯಾದಿಂದ ಇಲ್ಲಿಗೆ ಬಂದದ್ದು 1843ರಲ್ಲಿ, ಕ್ಯಾಪ್ಟನ್ ಕಾಟನ್ ಎಂಬವನ ಕೈಯಲ್ಲಿ. ಸಾಹೇಬರ ಮನೆಗಳ ಅಗ್ಗಿಷ್ಟಿಕೆಗೆ ಸೌದೆ ಬೇಕಿತ್ತು, ಕಣಿವೆಗಳಲ್ಲಿದ್ದ ಶೋಲಾ ಕಾಡು ಕರಗುತ್ತಾ ಬಂದಿತ್ತು, ಬೇಗ ಬೆಳೆಯುವ ಮರ ಸಿಕ್ಕಿತು, ನೆಟ್ಟರು. ಅದು ಎಷ್ಟು ಚೆನ್ನಾಗಿ ಹಬ್ಬಿತೆಂದರೆ ಕನ್ನಡದಲ್ಲಿ ನಾವು ಆ ಮರಕ್ಕೇ ಬೆಟ್ಟದ ಹೆಸರಿಟ್ಟೆವು. ಕೋಲಾರದ ಒಣ ಹೊಲದಲ್ಲಿ ನಿಂತಿದ್ದರೂ ಅದು 'ನೀಲಗಿರಿ'ಯೇ.

ಬಂಡೀಪುರ ದಾಟಿ, ಮುದುಮಲೈನ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಹಟ್ಟಿ ಘಾಟಿ, 36 ಹೇರ್‌ಪಿನ್ ತಿರುವು. ಹತ್ತಿರದ ದಾರಿ, ಆದರೆ ಕಡಿದು. ಅಪಘಾತಗಳಿಂದಾಗಿ ಹೊರಗಿನ ವಾಹನಗಳಿಗೆ ಅಲ್ಲಿ ನಿರ್ಬಂಧಗಳೂ ಬಂದಿವೆ. ಬಲಕ್ಕೆ ಗೂಡಲೂರು, ಸುಮಾರು ಮೂವತ್ತು ಕಿಲೋಮೀಟರು ಹೆಚ್ಚು. ನಾನು ಗೂಡಲೂರಿನ ಕಡೆಯವನು. ಆ ದಾರಿಯಲ್ಲಿ ಪೈಕಾರ ದಾಟುವಾಗ ಬೆಟ್ಟದ ಹಳೆ ರೂಪ ಅಲ್ಲಲ್ಲಿ ಕಾಣುತ್ತದೆ: ಬೋಳು ಹುಲ್ಲುಗುಡ್ಡ, ಅದರ ಮಡಿಕೆಯಲ್ಲಿ ಮಾತ್ರ ಗುಂಪುಗುಂಪಾಗಿ ಕುಳ್ಳು ಮರ. ಆ ಹುಲ್ಲು ತೋಡರ ಎಮ್ಮೆಗಳದ್ದು. ಹನ್ನೆರಡು ವರ್ಷಕ್ಕೊಮ್ಮೆ ನೀಲಿ ಕುರಿಂಜಿ ಹೂ ಬಿಡುವುದೂ ಅಂಥ ಗುಡ್ಡಗಳಲ್ಲೇ. ಸಾಹೇಬರ ಕಣ್ಣಿಗೆ ಅದು ಖಾಲಿ ಜಾಗ. ಯೂಕಲಿಪ್ಟಸ್, ವಾಟಲ್, ಪೈನ್, ಟೀ, ಆಲೂಗೆಡ್ಡೆ ಎಲ್ಲಾ ಬಂದದ್ದು ಆ 'ಖಾಲಿ' ಜಾಗಕ್ಕೆ. ಪೈನ್ ಕಾಡಿನಲ್ಲಿ ಎಲ್ಲರೂ ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ನೀವೂ ತೆಗೆದುಕೊಳ್ಳಿ, ಚೆನ್ನಾಗೇ ಬರುತ್ತದೆ. ಹೊರಗಿನಿಂದ ತಂದ ಇಂಥ ಮರಗಳನ್ನು ತೆಗೆದು ಹುಲ್ಲುಗಾವಲು ವಾಪಸು ತರುವ ಕೆಲಸವನ್ನು ಈಗ ತಮಿಳುನಾಡಿನ ಅರಣ್ಯ ಇಲಾಖೆ ಕೈಗೆತ್ತಿಕೊಂಡಿದೆ.

ಒಂಬತ್ತೂವರೆ ಹತ್ತಕ್ಕೆ ಊಟಿ. ತಿಂಡಿ ತಿನ್ನಿ, ಸ್ವೆಟರ್ ಹಾಕಿಕೊಳ್ಳಿ, ಸೀದಾ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬನ್ನಿ.

ಈ ಊರು ಹುಟ್ಟಿದ್ದು ಜಾನ್ ಸಲ್ಲಿವನ್‌ನಿಂದ. ಕೊಯಮತ್ತೂರಿನ ಕಲೆಕ್ಟರ್. 1819ರ ಜನವರಿಯಲ್ಲಿ ಬೆಟ್ಟ ಹತ್ತಿದ, ಮೊದಲು ಕೋಟಗಿರಿಯ ಹತ್ತಿರ ದಿಂಹಟ್ಟಿಯಲ್ಲಿ ಒಂದು ಬಂಗಲೆ ಕಟ್ಟಿಸಿದ. ಊಟಿಯ ಹೆಸರು ಇಂಗ್ಲಿಷ್ ಪತ್ರಿಕೆಯಲ್ಲಿ ಬರುವುದು 1821ರಲ್ಲಿ, ಮದ್ರಾಸ್ ಗೆಜೆಟ್‌ಗೆ ಬರೆದ ಒಂದು ಪತ್ರದಲ್ಲಿ, 'ವೊಟೊಕೈಮಂಡ್' ಎಂದು. ಕೊನೆಯ 'ಮಂಡ್' ತೋಡರ ಮಂದ್, ಅವರ ಹಟ್ಟಿ. ನಮ್ಮ ಮಂದೆ, ಕೊಡವರ ಮಂದ್ ಎರಡೂ ನೆನಪಾಗುತ್ತವೆ. ಆ ಮಂದ್ ಇದ್ದ ಕಡೆ ಸಲ್ಲಿವನ್ ಕಟ್ಟಿಸಿದ ಮನೆ ಸ್ಟೋನ್‌ಹೌಸ್. ತೋಡರ ಬಾಯಲ್ಲಿ ಅದು 'ಕಲ್ ಬಂಗ್ಲಾ'. ಈಗ ಅಲ್ಲಿ ಸರ್ಕಾರಿ ಆರ್ಟ್ಸ್ ಕಾಲೇಜು ಇದೆ. ನಾವು ಬೋಟಿಂಗ್ ಮಾಡುವ ಕೆರೆ ಅವನು ತೊರೆಗೆ ಅಡ್ಡಕಟ್ಟಿ ಮಾಡಿಸಿದ್ದು. ಆಗ ಇದಕ್ಕಿಂತ ದೊಡ್ಡದಿತ್ತು. ಬಸ್ ಸ್ಟ್ಯಾಂಡು, ರೇಸ್ ಕೋರ್ಸು ಎಲ್ಲಾ ಕೆರೆಯ ಹೊಟ್ಟೆಯಲ್ಲೇ ಕೂತಿವೆ. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸಲ್ಲಿವನ್ ಸರಳ ಮನುಷ್ಯನಲ್ಲ, ಅವನ ಬಗ್ಗೆ ಒಂದು ಅಭಿಪ್ರಾಯಕ್ಕೆ ಬರೋದು ನನಗೆ ಇವತ್ತಿಗೂ ಕಷ್ಟ. ತೋಡರ ಜಾಗವನ್ನು ಜುಜುಬಿ ಬೆಲೆಗೆ ಬೇಕಾದಷ್ಟು ತನ್ನದಾಗಿಸಿಕೊಂಡವನು ಅವನೇ. ಆಮೇಲೆ, ಈ ನೆಲದ ಒಡೆತನ ತೋಡರದ್ದು, ತೆಗೆದುಕೊಂಡರೆ ಅವರಿಗೆ ಬೆಲೆ ಕೊಡಬೇಕು ಅಂತ ಸರ್ಕಾರದ ಜೊತೆ ವಾದಕ್ಕೆ ನಿಂತವನೂ ಅವನೇ. ತೋಡರಿಗೆ ಎಮ್ಮೆ ಮೇಯಿಸುವ ಹಕ್ಕು ಮಾತ್ರ, ನೆಲ ಸರ್ಕಾರದ್ದು ಅನ್ನುವುದು ಎದುರಿನ ವಾದ. 1827ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ ಸ್ಟೀಫನ್ ಲಷಿಂಗ್ಟನ್‌ಗೂ ಅವನಿಗೂ ಆಗಿಬರಲಿಲ್ಲ. ಊಟಿಯನ್ನು ಸಾಹೇಬರ ಆರೋಗ್ಯಧಾಮ ಮಾಡುವ ಹುಮ್ಮಸ್ಸು ಲಷಿಂಗ್ಟನ್‌ನದು. ಚರ್ಚು ಅವನ ಕಾಲದ್ದೇ. 1829ರ ಏಪ್ರಿಲ್‌ನಲ್ಲಿ ಅಡಿಗಲ್ಲು, 1830ರ ನವೆಂಬರ್‌ನಲ್ಲಿ ಪ್ರತಿಷ್ಠೆ.

ಒಳಗೆ ಹೋಗಿ ತಲೆ ಎತ್ತಿ ನೋಡಿ. ಹೊರಗಿನಿಂದ ಹಳದಿ ಬಣ್ಣದ ಸಾಧಾರಣ ಕಟ್ಟಡ, ಒಳಗೆ ಮಾತ್ರ ಮರದ ಗಾತ್ರ ಕಣ್ಣಿಗೆ ಹೊಡೆಯುತ್ತದೆ. ಛಾವಣಿ ಹೊತ್ತಿರುವ ಮುಖ್ಯ ತೊಲೆ ಮತ್ತು ಇತರ ದೊಡ್ಡ ಮರ ಲಾಲ್ ಮಹಲ್‌ನದು. ಆನೆಗಳಿಂದ ಎಳೆಸಿದರು ಅಂತ ಊಟಿಯಲ್ಲಿ ಹೇಳುತ್ತಾರೆ. ನಾವು ಎಸಿ ಹಾಕಿಕೊಂಡು ಬರುವಾಗಲೇ ಘಾಟಿಯಲ್ಲಿ ಹೊಟ್ಟೆ ತೊಳಸುತ್ತದೆ, ಆ ಮರ ಹೇಗೆ ಹತ್ತಿರಬೇಕು ಯೋಚಿಸಿ. ನೀಲಗಿರಿಯ ಶೋಲಾ ಮರಗಳು ಕುಳ್ಳು, ಗಂಟುಗಂಟು. ಅಷ್ಟುದ್ದದ ನೇರ ತೊಲೆ ಅವುಗಳಲ್ಲಿ ಸಿಗುವುದು ಕಷ್ಟ. ಆದರೆ ಅನುಕೂಲವೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಗೆದ್ದ ಅರಮನೆ ಬಿಚ್ಚಿ ಅದರ ಮರದಲ್ಲಿ ತಮ್ಮ ದೇವರ ಮನೆ ಕಟ್ಟುವುದು ಗೆದ್ದವರು ಎಲ್ಲಾ ಕಾಲದಲ್ಲೂ ಮಾಡಿದ ಕೆಲಸ. ಮೈಸೂರು ಬೀಳದಿದ್ದರೆ ಈ ಬೆಟ್ಟ ಕಂಪನಿಗೆ ಸಿಗುತ್ತಿರಲಿಲ್ಲ. ಆ ಮೈಸೂರಿನದೇ ಒಂದು ತುಂಡು ಊಟಿಯ ತಲೆಯ ಮೇಲೆ ಇನ್ನೂ ಇದೆ. ನಿನ್ನೆ ಸಂಜೆ ಬರೀ ತಳಪಾಯ ನೋಡಿದವರಿಗೆ ಇಲ್ಲಿ ಅದರ ಛಾವಣಿ ಸಿಗುತ್ತದೆ, ನಡುವಿನ ಗೋಡೆಗಳನ್ನು ನಾವೇ ಕಲ್ಪಿಸಿಕೊಳ್ಳಬೇಕು. ಸದ್ದು ಮಾಡಬೇಡಿ, ಪೂಜೆ ನಡೆಯುವ ಜಾಗ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಶನಿವಾರವನ್ನೇ ನಾನು ಹೇಳಿದ್ದು ಅದಕ್ಕೂ ಸೇರಿ.

ಹಿಂದಿನ ಇಳಿಜಾರಿನಲ್ಲಿ ಸ್ಮಶಾನವಿದೆ. ಸಲ್ಲಿವನ್‌ನ ಹೆಂಡತಿ ಹೆನ್ರಿಯೆಟ್ಟಾ, ಮಗಳು ಹ್ಯಾರಿಯೆಟ್ ಇಬ್ಬರೂ ಅಲ್ಲೇ ಮಲಗಿದ್ದಾರೆ. ಅವನು ಮಾತ್ರ ಇಂಗ್ಲೆಂಡಿಗೆ ಹೋಗಿ 1855ರಲ್ಲಿ ಸತ್ತ.

ಬೊಟಾನಿಕಲ್ ಗಾರ್ಡನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ನೋಡಿರುತ್ತೀರಿ. ಕ್ಯೂ ತೋಟದಿಂದ ಬಂದ ಮ್ಯಾಕೈವರ್ 1848ರಿಂದ ಕಟ್ಟಿದ್ದು. ಆದರೆ ಜನ ಹುಲ್ಲಿನ ಮೇಲೆ ಕೂತು ವಾಪಸು ಬರುತ್ತಾರೆ. ನೀವು ಮೇಲಕ್ಕೆ ಹತ್ತಿ. ತೋಟದ ನೆತ್ತಿಯ ಕಡೆ ಒಂದು ತೋಡ ಮಂದ್ ಇದೆ, ಮಂಜಕಲ್ ಮಂದ್. ಜನ ವಾಸ ಇರುವ ಮನೆಗಳವು, ಎಕ್ಸಿಬಿಷನ್ ಅಲ್ಲ. ಕೇಳದೆ ಫೋಟೋ ತೆಗೆಯಬೇಡಿ. ಕೆಂಪು ಕಪ್ಪು ಕಸೂತಿಯ ಬಿಳಿ ಶಾಲು ಮಾರುತ್ತಿದ್ದರೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ. ಇನ್ನು ಊಟಿ ಕ್ಲಬ್ಬಿನಲ್ಲಿ 1882ರಲ್ಲಿ ಸ್ನೂಕರ್ ನಿಯಮ ಬರೆದು ಅಂಟಿಸಿದರಂತೆ, ಗೆಳೆಯರ ಗುಂಪಾದರೆ ಅದನ್ನೂ ಹೇಳಿಕೊಳ್ಳಿ. ಒಳಗಂತೂ ಬಿಡುವುದಿಲ್ಲ.

ಮಧ್ಯಾಹ್ನಕ್ಕೆ ದೊಡ್ಡಬೆಟ್ಟ. 2,637 ಮೀಟರು, ನೀಲಗಿರಿಯ ತುತ್ತತುದಿ. ಸಾಮಾನ್ಯವಾಗಿ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ನನಗೆ ಇಲ್ಲಿ ವ್ಯೂಗಿಂತ ಬೋರ್ಡೇ ಇಷ್ಟ. ತಮಿಳುನಾಡಿನ ಒಳಗೆ, ಜಿಲ್ಲೆಯ ಅತಿ ಎತ್ತರದ ಶಿಖರಕ್ಕೆ 'ದೊಡ್ಡ ಬೆಟ್ಟ' ಅಂತ ಹೆಸರು! ಅರ್ಥ ಹೇಳಿಸಿಕೊಳ್ಳುವ ಅಗತ್ಯವೇ ಇಲ್ಲದೆ ನಮಗೆ ತಿಳಿಯುತ್ತದೆ. ಈ ಹೆಸರನ್ನು ಜೀವಂತವಾಗಿ ಇಟ್ಟುಕೊಂಡವರು ಬಡಗರು. ಬಡಗ ಅಂದರೆ ಬಡಗಣದವರು, ಉತ್ತರದಿಂದ ಬಂದವರು. ಇಲ್ಲಿಗೆ ಉತ್ತರ ಅಂದರೆ ನಾವು ಬೆಳಿಗ್ಗೆ ಹೊರಟ ಮೈಸೂರು ಸೀಮೆ. ವಿಜಯನಗರದ ಕೊನೆಯ ಕಾಲದಲ್ಲಿ, ಅದರ ಆಸುಪಾಸಿನ ಗೊಂದಲದಲ್ಲಿ ತಪ್ಪಿಸಿಕೊಂಡು ಬಂದವರು ಅನ್ನುವುದು ಅವರ ನೆನಪು. 1603ರಲ್ಲಿ ಫೆನಿಚಿಯೋ ಎಂಬ ಇಟಲಿಯ ಪಾದ್ರಿ, ಬೆಟ್ಟದ ಮೇಲೆ ಕಳೆದುಹೋದ ಕ್ರೈಸ್ತರಿದ್ದಾರೆ ಎಂಬ ಗಾಳಿಮಾತು ನಂಬಿ ಹತ್ತಿ ಬಂದ. ಕ್ರೈಸ್ತರು ಸಿಗಲಿಲ್ಲ, ಬಡಗರೂ ತೋಡರೂ ಸಿಕ್ಕಿದರು. ಅಷ್ಟರಲ್ಲಾಗಲೇ ಬಡಗರು ಇಲ್ಲಿ ನೆಲೆಯೂರಿದ್ದರು.

ಅವರ ಮಾತಿಗೆ ಕಿವಿಗೊಡಿ. ತಮಿಳಿನ ಪಕಾರಕ್ಕೆ ನಮ್ಮ ಹಾಗೆಯೇ ಅಲ್ಲೂ ಹಕಾರ: ಹಾಲು, ಹಟ್ಟಿ. ಕನ್ನಡದಲ್ಲೂ ಮೊದಲು ಪಾಲು, ಪಟ್ಟಿ ಅಂತಲೇ ಇತ್ತು. ಪ ಹೋಗಿ ಹ ಬಂದದ್ದು ಸುಮಾರು ಸಾವಿರ ವರ್ಷದ ಈಚೆಗೆ, ನಿಧಾನವಾಗಿ. ಆ ಬದಲಾವಣೆಯನ್ನು ಕಟ್ಟಿಕೊಂಡೇ ಬಡಗರು ಬೆಟ್ಟ ಹತ್ತಿದ್ದಾರೆ ಅಂದರೆ, ಅವರು ಕನ್ನಡ ಸೀಮೆ ಬಿಟ್ಟದ್ದು ಅದಾದ ಮೇಲೆ. ಇಷ್ಟಕ್ಕೇ 'ಓ, ಕನ್ನಡವೇ ಅಲ್ಲವಾ' ಅಂತ ಅವರ ಬೆನ್ನು ತಟ್ಟಲು ಹೋಗಬೇಡಿ. ಬಡಗ ಬೇರೆಯೇ ಭಾಷೆ ಅನ್ನುವುದು ಅವರಲ್ಲಿ ಬಹಳ ಜನರ ನಿಲುವು. ನಾಲ್ಕು ನೂರು ವರ್ಷ ಬೇರೆ ಸಂಸಾರ ಹೂಡಿದವರು ಹಾಗೆ ಹೇಳಿದರೆ ಅದನ್ನು ಒಪ್ಪಿಕೊಳ್ಳುವುದೇ ಮರ್ಯಾದೆ. ದಾಯಾದಿಗಳು ಅನ್ನೋಣ.

ಸಾಹೇಬರು ಬರುವ ಮೊದಲು ಈ ಬೆಟ್ಟದಲ್ಲಿ ಒಂದು ವ್ಯವಹಾರ ನಡೆಯುತ್ತಿತ್ತು. ತೋಡರು ಹಾಲು ತುಪ್ಪ ಕೊಡುವರು, ಬಡಗರು ಧಾನ್ಯ, ಕೋತರು ಮಡಕೆ, ಕಬ್ಬಿಣದ ಸಾಮಾನು, ಹಬ್ಬಕ್ಕೂ ಸಾವಿಗೂ ವಾದ್ಯ. ಕುರುಂಬರು ಕಾಡಿನಿಂದ ಜೇನು ತರುವರು, ಅವರ ಮಂತ್ರಕ್ಕೆ ಉಳಿದವರೆಲ್ಲ ಹೆದರುವರು. ಆ ಹೆದರಿಕೆಯಿಂದ ಕುರುಂಬರ ಕೊಲೆಗಳೂ ಆಗಿವೆ. ಆದ್ದರಿಂದ ಅದನ್ನು ರಾಮರಾಜ್ಯ ಅಂತ ನಾನು ಕರೆಯುವುದಿಲ್ಲ. ಆದರೆ ದುಡ್ಡು, ಪಟ್ಟಾ, ಟೀ ಬಂದ ಮೇಲೆ ಆ ಕೊಡುಕೊಳ್ಳುವಿಕೆ ಸಡಿಲವಾಯಿತು. ಎಮ್ಮೆಗೆ ಹುಲ್ಲಿಲ್ಲದ ತೋಡರಿಗೆ ಏಟು ಹೆಚ್ಚು ಬಿತ್ತು, ನೆಲ ಉಳುತ್ತಿದ್ದ ಬಡಗರು ಆಲೂಗೆಡ್ಡೆ, ಕೋಸು, ಆಮೇಲೆ ಟೀ ಬೆಳೆದು ಹೊಂದಿಕೊಂಡರು. ದೊಡ್ಡಬೆಟ್ಟದಿಂದ ಮಂಜು ಸರಿದಾಗ ಕೆಳಗೆ ಕಾಣುವ ಮೆಟ್ಟಿಲು ಹೊಲಗಳು, ಸಾಲುಮನೆಯ ಹಟ್ಟಿಗಳು ಬಹುಪಾಲು ಅವರದೇ.

ಟ್ರೇನಿನ ಆಸೆ ಬಿಡಲಾಗದಿದ್ದರೆ ಒಂದು ಮಾತು. ಹಲ್ಲುಹಳಿ ಹಿಡಿದು ಏರುವ ಆ ಪ್ರಸಿದ್ಧ ಭಾಗ ಇರುವುದು ಕಲ್ಲಾರ್ ಮತ್ತು ಕೂನೂರಿನ ನಡುವೆ. ಅದಕ್ಕೆ ಮೆಟ್ಟುಪಾಳ್ಯದಿಂದ ಹತ್ತಬೇಕು, ಮೈಸೂರಿನಿಂದ ಒಂದು ದಿನಕ್ಕೆ ಬರುವವರಿಗೆ ಆಗದ ಮಾತು. ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ 1899ರಲ್ಲೇ ರೈಲು ಓಡಿತ್ತು, ಊಟಿ ಮುಟ್ಟಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. ಒಟ್ಟು 46 ಕಿಲೋಮೀಟರು, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಊಟಿಯಿಂದ ಕೂನೂರಿಗೆ ಹೋಗುವುದು ಡೀಸೆಲ್ ಇಂಜಿನ್, ಹಲ್ಲುಹಳಿ ಇಲ್ಲ. ಆದರೂ ಸಣ್ಣ ಪ್ರಯಾಣವಾಗಿ ಚೆನ್ನಾಗಿದೆ. ಮೊದಲೇ ಬುಕ್ ಮಾಡಿದ್ದರೆ ಹೋಗಿ, ಇಲ್ಲದಿದ್ದರೆ ಕ್ಯೂನಲ್ಲಿ ನಿಂತು ದಿನ ಹಾಳು ಮಾಡಿಕೊಳ್ಳಬೇಡಿ.

ನಾಲ್ಕೂವರೆಗೆ ಊಟಿ ಬಿಡಿ. ವಾರಾಂತ್ಯದಲ್ಲಿ ಊರಿನಿಂದ ಹೊರಗೆ ಬರುವುದಕ್ಕೇ ಮುಕ್ಕಾಲು ಗಂಟೆ ಬೇಕು. ಗೂಡಲೂರಿನಲ್ಲಿ ಒಂದು ಟೀ ಕುಡಿದು ಏಳರ ಒಳಗೆ ಕಾಡಿನೊಳಗೆ ಇದ್ದರೆ ಆರಾಮ, ಎಂಟೂವರೆ ಆದರೆ ಎದೆ ಹೊಡೆದುಕೊಳ್ಳಲು ಶುರು. ಒಂಬತ್ತು ಹೊಡೆದ ಮೇಲೆ ಯಾರ ಪರಿಚಯ ಹೇಳಿದರೂ ಗೇಟು ಎತ್ತುವುದಿಲ್ಲ.